ಕಣಗಿಲೆ ಉದುರದ ವರ್ಷ

ಮರಡಿಕೆರೆಯಲ್ಲಿ ಆ ವರ್ಷ ಹೂಗಳು ಉದುರುವುದನ್ನೇ ಬಿಟ್ಟವು. ಅರಳುವುದೇನೋ ಕಾಲಕ್ಕೆ ಸರಿಯಾಗಿ ಅರಳುತ್ತಿದ್ದವು. ಉದುರುವ ಹೊತ್ತು ಬಂದಾಗ ಮಾತ್ರ, ಹಬ್ಬಕ್ಕೆಂದು ಬಂದ ಅಳಿಯ ಹಬ್ಬ ಮುಗಿದರೂ ಹೊರಡುವ ಮಾತೆತ್ತದ ಹಾಗೆ, ತೊಟ್ಟು ಹಿಡಿದು ಕೂತುಬಿಡುತ್ತಿದ್ದವು. ಇದಕ್ಕೆ ಯಾರು ಕಾರಣ ಎನ್ನುವುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಾಚೆಯ ಹೂ ಸಂಶೋಧನಾ ಕೇಂದ್ರದ ರಸಾಯನ ವಿಜ್ಞಾನಿ, ಹೂ ಕಟ್ಟುವ ದ್ಯಾಮಕ್ಕ ಸಾಕಿ ಬೆಳೆಸಿದ ಮಗಳು ನಾಗವೇಣಿ.

ಅವಳು ಶುರುಮಾಡಿದ್ದು ಹೂವಿಗಾಗಿ ಅಲ್ಲ, ದಾಳಿಂಬೆಗಾಗಿ. ಮರಡಿಕೆರೆ ಬಯಲುಸೀಮೆಯ ಊರು. ಸುತ್ತ ದಾಳಿಂಬೆ ತೋಟ. ಇವತ್ತು ಗಿಡದ ತುಂಬ ಹೂ, ನಾಳೆ ನೆಲದ ತುಂಬ ಹೂ ಎನ್ನುವುದು ಬೆಳೆಗಾರರ ಹಳೆಯ ಗೋಳು. ಅದಕ್ಕೊಂದು ಮದ್ದು ಹುಡುಕುವುದು ನಾಗವೇಣಿಯ ಕೆಲಸವಾಗಿತ್ತು.

ಹೂ ತಾನಾಗಿ ಬೀಳುವುದಿಲ್ಲ, ಗಿಡ ಅದನ್ನು ಬಿಟ್ಟುಕೊಡುತ್ತದೆ. ಹೂವೂ ತೊಟ್ಟೂ ಸೇರುವಲ್ಲಿ ಕೆಲವೇ ಸಾಲು ಜೀವಕೋಶಗಳ ತೆಳ್ಳನೆಯ ಪದರವೊಂದಿದೆ. ಹೂವಿನಿಂದ ಆಕ್ಸಿನ್ ಎಂಬ ಹಾರ್ಮೋನು ಇಳಿದು ಬರುತ್ತಿರುವ ತನಕ ಆ ಪದರ ಸುಮ್ಮನಿರುತ್ತದೆ. ಹೂವಿಗೆ ವಯಸ್ಸಾದಂತೆ ಆಕ್ಸಿನ್ ಕಡಿಮೆಯಾಗಿ, ಎಥಿಲೀನ್ ಎಂಬ ಅನಿಲದ ಮಾತು ನಡೆಯತೊಡಗುತ್ತದೆ. ಆಗ ಪದರದ ಕೋಶಗಳು ತಮ್ಮ ನಡುವಿನ ಅಂಟನ್ನು ತಾವೇ ಕರಗಿಸಿಕೊಳ್ಳುತ್ತವೆ, ಹೂ ಕಳಚುತ್ತದೆ. ಕೃತಕ ಆಕ್ಸಿನ್‌ಗಳು ಹೊಸವೇನಲ್ಲ. ಕಾಯಿ ಉದುರದಿರಲೆಂದು ಮಾವಿಗೆ ಹೊಡೆಯುತ್ತಿದ್ದರು, ನೆಟ್ಟ ಕಡ್ಡಿ ಬೇರು ಬಿಡಲೆಂದು ನರ್ಸರಿಯವರು ಹಚ್ಚುತ್ತಿದ್ದರು, ಪ್ರಮಾಣ ಏರಿಸಿ ಕಳೆ ಕೊಲ್ಲುವುದಕ್ಕೂ ಬಳಸುತ್ತಿದ್ದರು. ಆದರೆ ಅವೆಲ್ಲ ಕೆಲವು ದಿನಗಳಲ್ಲೇ ಗಿಡದೊಳಗೆ ಒಡೆದುಹೋಗುತ್ತಿದ್ದವು. ನಾಗವೇಣಿ ಆ ಅಣುವಿಗೆ, ಗಿಡದ ಕಿಣ್ವಗಳ ಹಲ್ಲು ನಾಟದಂಥ ಒಂದು ಪುಟ್ಟ ಬಾಲ ಸೇರಿಸಿದಳು. ಅದಕ್ಕೆ ಕೇಂದ್ರದವರು ಇಟ್ಟ ಹೆಸರು ಉದ್ದವಾಗಿತ್ತು. ರೈತರು ಅದನ್ನು ಹಿಡಿನೀರು ಎಂದು ಕರೆದರು, ಹೆಸರು ನಿಂತಿತು.

ಮೊದಮೊದಲು ಊರಿಗೆಲ್ಲ ಸಂಭ್ರಮ. ದಾಳಿಂಬೆ ಗಿಡಗಳು ಕಾಯಿ ಹೊರಲಾರದೆ ಬಾಗಿದವು, ಒಂದೊಂದಕ್ಕೂ ಊರುಗೋಲು ಕೊಡಬೇಕಾಯಿತು. ಇದನ್ನು ನೋಡಿದ ಹೂವಿನ ತೋಟದವರು ಬಿಡುತ್ತಾರೆಯೇ? ಕಾಕಡ, ಕನಕಾಂಬರ, ಕಣಗಿಲೆ, ಎಲ್ಲಕ್ಕೂ ಹನಿ ನೀರಾವರಿಯ ಪೈಪಿನಲ್ಲೇ ಹಿಡಿನೀರು ಹರಿಸಿದರು. ಅದು ಹೂವಿನ ಮುಪ್ಪನ್ನೂ ಮುಂದಕ್ಕೆ ಹಾಕುತ್ತಿತ್ತು. ದೂರದ ಮಾರುಕಟ್ಟೆಗೆ ಹೋದ ಬುಟ್ಟಿ ಕಿತ್ತಾಗ ಹೇಗಿತ್ತೋ ಹಾಗೇ ಬಿಚ್ಚಿಕೊಳ್ಳುತ್ತಿತ್ತು. ತೋಟಗಳ ನೀರು ಬೇರಿಗಿಳಿದ ಬೀದಿಯ ಹೊಂಗೆ ಮರಗಳ ಕೆಳಗೆ ಗುಡಿಸುವ ಕೆಲಸ ತಪ್ಪಿತೆಂದು ಪೌರಕಾರ್ಮಿಕರು ಖುಷಿಪಟ್ಟರು. ಚುನಾವಣೆ ಗೆದ್ದವರ ಕೊರಳಿನ ಹಾರ ಅವರು ಕೊಟ್ಟ ಭರವಸೆಗಿಂತ ಹೆಚ್ಚು ದಿನ ಬಾಳಿತು ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಜನ ಆಡಿಕೊಂಡರು.

ಆಮೇಲೆ ಕಿರಿಕಿರಿ ಶುರುವಾಯಿತು. ಒಂದು ಹಾರ ತಿಂಗಳುಗಟ್ಟಲೆ ಬರುವುದಾದರೆ ದಿನಾ ಮೊಳ ಹೂ ಕೊಳ್ಳುವವರು ಯಾರು? ಹೂ ಕಟ್ಟುವ ಹೆಂಗಸರು ಅರ್ಧ ದಿನ ಕೈ ಕಟ್ಟಿ ಕೂರುವಂತಾಯಿತು. ಬಾಡಿದ ಹೂ ಮುಡಿಯಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಬಾಡದ ಹೂವನ್ನು ಎಷ್ಟು ದಿನ ಮುಡಿಯಬಹುದು ಎನ್ನುವುದನ್ನು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ. ತೀರಿಕೊಂಡವರ ಫೋಟೋದ ಮೇಲೆ ತಿಂಗಳ ಹಿಂದಿನ ಹಾರ ನಳನಳಿಸುತ್ತಿರುವಾಗ ಅದನ್ನು ತೆಗೆಯಲು ಮನೆಯವರಿಗೆ ಕೈ ಬರುತ್ತಿರಲಿಲ್ಲ. ಇವೆಲ್ಲ ಹೇಗೋ ನಡೆದುಹೋಗುತ್ತಿದ್ದವು. ನಡೆಯದೆ ನಿಂತದ್ದು ಮರಡಿಯವ್ವನ ಗುಡಿಯ ಹೂ ಪ್ರಸಾದ.

ಊರ ಪಕ್ಕದ ಕಲ್ಲುಗುಡ್ಡದ ಮೇಲೆ ಮರಡಿಯವ್ವನ ಗುಡಿ. ಸಂಬಂಧ ಕುದುರಿಸುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ಊರಿನವರು ಶುಕ್ರವಾರ ಅಲ್ಲಿಗೆ ಹೋಗಿ ಹೂ ಕೇಳುತ್ತಾರೆ. ಕಣಗಿಲೆಯ ಎರಡು ಗೊಂಚಲು ಕಟ್ಟಿ ತರಬೇಕು. ಅರಿಶಿನದ ದಾರದ್ದು ಅವ್ವನ ಬಲ ಹೆಗಲಿಗೆ, ಬಿಳಿ ದಾರದ್ದು ಎಡ ಹೆಗಲಿಗೆ. ಅವ್ವನ ಬಲ ಅಂದರೆ ನಿಂತು ನೋಡುವವರ ಎಡ. ಹೊಸಬರು ಇಲ್ಲಿ ಎಡವುತ್ತಾರೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಉತ್ತರ ಬರುವ ತನಕ ಯಾರಿಗೂ ಹೇಳಬಾರದು. ಬಾಯಿಗೆ ಬಂದ ಪ್ರಶ್ನೆ ಎಂಜಲಾಗುತ್ತದೆ ಎನ್ನುತ್ತಾರೆ. ಆಮೇಲೆ ಕೂತು ಕಾಯುವುದು. ಮೊದಲ ಹೂ ಬಲದಿಂದ ಕಳಚಿದರೆ ಆಗಲಿ ಎಂದು, ಎಡದಿಂದ ಕಳಚಿದರೆ ಬೇಡ ಎಂದು. ಬಿದ್ದ ಮೇಲೆ ತಕರಾರಿಲ್ಲ.

ದ್ಯಾಮಕ್ಕ ಆ ಗುಡಿಯನ್ನು ಕೇಳದೆ ಯಾವ ದೊಡ್ಡ ಕೆಲಸವನ್ನೂ ಮಾಡಿದವಳಲ್ಲ. ಅವಳು ನಾಗವೇಣಿಗೆ ದೊಡ್ಡವ್ವ, ತಾಯಿಯ ಅಕ್ಕ. ತಾಯಿ ಹೆರಿಗೆಯಲ್ಲೇ ಹೋದಾಗ ಎತ್ತಿಕೊಂಡ ಕೂಸನ್ನು ದ್ಯಾಮಕ್ಕ ಇನ್ನೂ ಕೆಳಗಿಳಿಸಿಲ್ಲ ಎಂದು ಊರವರು ಹೇಳುವುದುಂಟು. ನಾಗವೇಣಿ ಕಾಲೇಜಿಗೆ ಹೋದದ್ದು ಹೂ ಕೇಳಿಯೇ, ಕೇಂದ್ರದ ಕೆಲಸ ಒಪ್ಪಿಕೊಂಡದ್ದೂ ಹೂ ಕೇಳಿಯೇ. ಮದುವೆಯ ವಿಷಯದಲ್ಲಿ ಎರಡು ಸಂಬಂಧಕ್ಕೆ ಅವ್ವ ಎಡ ಕೊಟ್ಟಿದ್ದಳು, ಮೂರನೆಯದಕ್ಕೆ ನಾಗವೇಣಿ ತಾನೇ ಎಡ ಕೊಟ್ಟಳು. ಅಲ್ಲಿಂದಾಚೆಗೆ ಇಬ್ಬರೂ ಒಂದೇ ಮನೆಯಲ್ಲಿ, ಬೆಳಿಗ್ಗೆ ಜಗಳ ಸಂಜೆ ರಾಜಿ ಎಂದು ಸುಖವಾಗಿದ್ದರು.

ದಸರೆ ಕಳೆಯುತ್ತಿದ್ದಂತೆ ದ್ಯಾಮಕ್ಕನಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಅರ್ಧಕ್ಕೆ ನಿಂತು, ಏನೋ ಮರೆತವಳಂತೆ ಹಿಂದಕ್ಕೆ ನೋಡುತ್ತ ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಅಂಗಾತ ಮಲಗಿದರೆ ಉಬ್ಬಸ. ನಾಗವೇಣಿ ಬಲವಂತ ಮಾಡಿ ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೃದಯದ ಕವಾಟ ಕಿರಿದಾಗಿದೆ, ಬದಲಿಸಬೇಕು ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಅಪಾಯವೇ ಇಲ್ಲ ಎನ್ನಲಾರೆ, ಆದರೆ ಮಾಡಿಸದಿದ್ದರೆ ಮುಂದಿನ ಯುಗಾದಿ ಕಾಣುವುದು ಕಷ್ಟ, ದೀಪಾವಳಿಯೊಳಗೆ ಮಾಡಿಸಿಬಿಡಿ ಎಂದೂ ಹೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನಾಗವೇಣಿ ಎಲ್ಲ ಬಿಡಿಸಿ ಹೇಳಿದಳು. ಕವಾಟ ಅಂದರೆ ಏನು, ನೂರರಲ್ಲಿ ಎಷ್ಟು ಜನ ಗುಣವಾಗುತ್ತಾರೆ, ಹೊಸ ಕವಾಟ ಎಷ್ಟು ವರ್ಷ ಬಾಳುತ್ತದೆ. ದ್ಯಾಮಕ್ಕ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು.

"ಆಯ್ತು ಕಣೇ ನಾಗಿ. ಅವ್ವನ್ನ ಒಂದು ಮಾತು ಕೇಳ್ತೀನಿ. ಅವ್ಳು ಹೆಂಗೆ ಹೇಳ್ತಾಳೋ ಹಂಗೆ."

"ಈಗ ಹೂ ಬೀಳಲ್ಲ ದೊಡ್ಡವ್ವ. ನಿಂಗೇ ಗೊತ್ತಲ್ಲ, ಎಲ್ಲಾ ತೋಟಕ್ಕೂ ಹಿಡಿನೀರು ಬಿಟ್ಟವ್ರೆ."

"ಅವ್ವ ಬೀಳಿಸ್ಬೇಕು ಅಂತ ಮನಸ್ಸು ಮಾಡಿದ್ರೆ ನಿನ್ ಔಷ್ದಿ ಯಾವ ಲೆಕ್ಕ?" ಎಂದಳು ದ್ಯಾಮಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಶುಕ್ರವಾರ ಹೋದರು. ಬೆಳಿಗ್ಗೆಯಿಂದ ಗುಡಿ ಬಾಗಿಲು ಹಾಕುವ ತನಕ ಕೂತರು. ಎರಡೂ ಹೆಗಲ ಮೇಲೆ ಕಣಗಿಲೆ ಕೆಂಪಗೆ, ಈಗ ತಾನೇ ಅರಳಿದಂತೆ, ಕಂಭ ಹಿಡಿದ ಹಾಗೆ ನಿಂತಿತ್ತು. ಮುಂದಿನ ಶುಕ್ರವಾರವೂ ಅಷ್ಟೆ. ಅವರಿಬ್ಬರೇ ಅಲ್ಲ, ಗುಡಿಯ ಅಂಗಳದಲ್ಲಿ ಮದುವೆ ನಿಂತವರು, ಆಸ್ತಿ ಪಾಲು ನಿಂತವರು, ಮನೆ ಪಾಯ ನಿಂತವರು ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ಅವ್ವನಿಗೆ ಕೋಪ ಬಂದಿದೆ ಎಂದು ಕೆಲವರು, ಕೋಪವಲ್ಲ ಬೇಸರ ಎಂದು ಕೆಲವರು.

ಪೂಜಾರಿ ಕಾಟಯ್ಯ ವಯಸ್ಸಾದವನು, ಮೆತ್ತನೆಯ ಮಾತಿನವನು. ಅವನು ನಾಗವೇಣಿಯನ್ನು ಪಕ್ಕಕ್ಕೆ ಕರೆದ.

"ನಿಮ್ಮ ಔಷ್ದಿ ಅಂತ ಗೊತ್ತೈತೆ ನಾಗವ್ವ. ಬೈತಿಲ್ಲ. ಔಷ್ದಿ ಹಾಕ್ದೇ ಇರೋ ಕಣಗಿಲೆ ಎಲ್ಲಾರ ಇದ್ರೆ ಹೇಳಿ, ನಾನೇ ನಡ್ಕಂಡು ಹೋಗಿ ತರ್ತೀನಿ."

ಎಲ್ಲಿಯೂ ಇರಲಿಲ್ಲ. ಬೇಲಿಯ ಮೇಲಿನ ಕಣಗಿಲೆಯ ಬೇರೂ ಪಕ್ಕದ ತೋಟದ ನೀರನ್ನೇ ಕುಡಿಯುತ್ತಿತ್ತು. ತಾನು ಮಾಡಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ನಾಗವೇಣಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ, ಆದರೆ ದೊಡ್ಡವ್ವನ ಉಸಿರು ದಿನದಿನಕ್ಕೆ ಕುಗ್ಗುತ್ತಿರುವುದು ತಿಳಿಯುತ್ತಿತ್ತು.

ಕೇಂದ್ರದ ಬೆಳವಣಿಗೆ ಕೋಣೆಯಲ್ಲಿ ಬಿಳಿ ದೀಪಗಳ ಕೆಳಗೆ ಸಾಲುಸಾಲು ರೆಂಬೆಗಳು, ಪ್ರತಿ ರೆಂಬೆಗೂ ಒಂದು ಕ್ಯಾಮೆರಾ. ಹೂ ಅಥವಾ ಎಲೆ ಬಿದ್ದ ಕೂಡಲೇ ಪಕ್ಕದ ಕೋಣೆಯ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡುತ್ತದೆ. ಆ ಪರದೆ ತಿಂಗಳುಗಳಿಂದ ಕಪ್ಪಾಗಿಯೇ ಇತ್ತು. ಸಹೋದ್ಯೋಗಿ ಜಬೀವುಲ್ಲಾ ಅದನ್ನು ಅಮಾವಾಸ್ಯೆ ಎಂದು ಕರೆಯುತ್ತಿದ್ದ. ಆವತ್ತು ನಾಗವೇಣಿ ಬರುವ ಹೊತ್ತಿಗೆ ಅಲ್ಲಿ ಚುಕ್ಕೆಗಳು ತುಂಬಿದ್ದವು.

"ಬಂತು ಮೇಡಂ," ಎಂದ ಅವನು, ಕುರ್ಚಿಯಿಂದ ಏಳದೆಯೇ. "ನಿನ್ನೆ ಸಂಜೆಯಿಂದ ಬೀಳ್ತಾನೇ ಐತೆ."

ಅವರಿಬ್ಬರೂ ಕೆಲವು ಕಾಲದಿಂದ ಹಿಡಿನೀರಿನ ಎದುರಾಳಿಗಾಗಿ ಒದ್ದಾಡುತ್ತಿದ್ದರು. ಅದಕ್ಕೂ ದಾಳಿಂಬೆಯೇ ಕಾರಣ. ಹೊಸ ಫಸಲಿಗೆ ಮುಂಚೆ ದಾಳಿಂಬೆಯ ಎಲೆ ಉದುರಿಸಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಈಗ ಎಲೆಯೂ ಉದುರದೆ, ಗಿಡಗಳು ನಿದ್ದೆಗೆಟ್ಟವರಂತಾಗಿದ್ದವು. ಬರೀ ಎಥಿಲೀನ್ ಹೊಡೆದು ಪ್ರಯೋಜನವಿರಲಿಲ್ಲ, ಹಿಡಿನೀರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈ ಹೊಸ ಅಣು ತೊಟ್ಟಿನ ಪದರದಲ್ಲಿ ಹಿಡಿನೀರು ಕೂರುವ ಜಾಗಕ್ಕೇ ಹೋಗಿ, ಅದನ್ನು ಎಬ್ಬಿಸಿ, ತಾನು ಕೂರುತ್ತಿತ್ತು. ಪದರ ಎಚ್ಚರಗೊಳ್ಳುತ್ತಿತ್ತು. ಜಬೀವುಲ್ಲಾ ಅದಕ್ಕೆ ಆಗಲೇ ಬಿಡುನೀರು ಎಂದು ನಾಮಕರಣ ಮಾಡಿಯಾಗಿತ್ತು.

ನಾಗವೇಣಿ ಪರದೆಯನ್ನೇ ನೋಡುತ್ತ ಕೇಳಿದಳು. "ಜಬಿ, ಕಿತ್ತಿರೋ ಕಣಗಿಲೆ. ದೇಟನ್ನ ಇದರಲ್ಲಿ ಅದ್ದಿದ್ರೆ ಎಷ್ಟು ಹೊತ್ತಿಗೆ ಬೀಳ್ತದೆ?"

"ಅದ್ದಿ ಗುಡ್ಡ ಹತ್ತಿ ಮಂಗಳಾರತಿ ಆಗೋ ಹೊತ್ತಿಗೆ ಬೀಳ್ತದೆ." ಅವನು ಅವಳ ಕಡೆ ತಿರುಗಿದ. ದ್ಯಾಮಕ್ಕನ ವಿಷಯ ಅವನಿಗೆ ಗೊತ್ತಿತ್ತು. "ಎರಡೂ ಗೊಂಚಲಿಗೆ ಹಾಕ್ತೀರಿ ತಾನೇ?"

"ಎರಡಕ್ಕೂ."

"ಹಂಗಾದ್ರೆ ತಪ್ಪಿಲ್ಲ ಬಿಡಿ. ನಾವು ಕಟ್ಟಿದ ಬಾಯಿ ನಾವೇ ಬಿಚ್ಚಿದಂಗೆ. ಆಮೇಲೆ ಅವ್ವ ಉಂಟು, ನಿಮ್ಮ ದೊಡ್ಡವ್ವ ಉಂಟು."

ನಾಗವೇಣಿ ಒಂದು ಸಣ್ಣ ಸೀಸೆಯಲ್ಲಿ ಬಿಡುನೀರು ತುಂಬಿಕೊಂಡಳು. ಎರಡಕ್ಕೂ ಎಂದು ಅವಳು ಹೇಳಿದ್ದು ಸುಳ್ಳಲ್ಲ. ಹೇಳುವಾಗ ಅವಳ ಮನಸ್ಸಿನಲ್ಲಿದ್ದದ್ದೂ ಅದೇ.

ಶುಕ್ರವಾರ ಬೆಳಿಗ್ಗೆ ಗೊಂಚಲು ಕಟ್ಟುವ ಕೆಲಸ ನಾಗವೇಣಿಯದಾಯಿತು. ದ್ಯಾಮಕ್ಕನ ಬೆರಳು ಈಗೀಗ ನಡುಗುತ್ತಿದ್ದವು. ಊರಿಗೆಲ್ಲ ಹೂ ಕಟ್ಟಿದ ಕೈ ತನ್ನ ಎರಡು ಗೊಂಚಲಿಗೆ ದಾರ ಸುತ್ತಲಾರದೆ ಹೋಯಿತಲ್ಲ ಎಂದು ಅವಳೇ ನಕ್ಕಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ನಾಗವೇಣಿ ಎರಡು ಲೋಟದಲ್ಲಿ ನೀರಿಟ್ಟಳು. ಒಂದಕ್ಕೆ ಸೀಸೆಯಿಂದ ಕೆಲವು ಹನಿ ಬಿಟ್ಟು, ಅರಿಶಿನದ ದಾರದ ಗೊಂಚಲನ್ನು ಅದರಲ್ಲಿ ನಿಲ್ಲಿಸಿದಳು. ಇನ್ನೊಂದು ಲೋಟದ ಮೇಲೆ ಸೀಸೆ ಬಗ್ಗಿಸಿದಾಗ ಬಚ್ಚಲ ಬಾಗಿಲು ತೆರೆದ ಸದ್ದಾಯಿತು.

ದ್ಯಾಮಕ್ಕ ಮಿಂದು ಬಂದಿದ್ದಳು. ಬಚ್ಚಲಿಂದ ಅಡುಗೆಮನೆಗೆ ಎಷ್ಟು ದೂರ! ಅಷ್ಟಕ್ಕೇ ಬಾಗಿಲವಾಡ ಹಿಡಿದು ನಿಂತುಬಿಟ್ಟಳು. ತುಟಿ ನೀಲಿಗಟ್ಟಿತ್ತು. ನಾಗವೇಣಿ ನೋಡುತ್ತಿದ್ದಾಳೆಂದು ತಿಳಿದು, ಏನಿಲ್ಲ ಎನ್ನುವಂತೆ ಕೈಯಾಡಿಸಿ ಮುಗುಳ್ನಕ್ಕಳು.

ನಾಗವೇಣಿ ಬಗ್ಗಿಸಿದ ಸೀಸೆಯನ್ನು ನೆಟ್ಟಗೆ ಮಾಡಿದಳು. ಎರಡಕ್ಕೂ ಹಾಕಿದರೆ ಎಡದ್ದೇ ಮೊದಲು ಬೀಳಬಹುದು. ಎಡದ್ದು ಬಿದ್ದರೆ ಈ ಮುದುಕಿ ಆಸ್ಪತ್ರೆಯ ಹೊಸಿಲು ತುಳಿಯುವುದಿಲ್ಲ. ಇದು ನಾಣ್ಯ ಚಿಮ್ಮಿ ಆಡುವ ಆಟವಲ್ಲ, ದೊಡ್ಡವ್ವನ ಜೀವ. ಅವಳು ಸೀಸೆಗೆ ಬಿರಡೆ ಹಾಕಿ ಸೆರಗಿನಲ್ಲಿ ಕಟ್ಟಿಕೊಂಡಳು. ಬಿಳಿ ದಾರದ ಗೊಂಚಲನ್ನು ಬರೀ ನೀರಿನಲ್ಲಿ ನಿಲ್ಲಿಸಿದಳು.

ಗುಡ್ಡದ ಮೇಲಕ್ಕೆ ದ್ಯಾಮಕ್ಕನನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಕಾಟಯ್ಯ ಗೊಂಚಲುಗಳನ್ನು ತೆಗೆದುಕೊಂಡು ದಾರ ನೋಡಿ, ಅರಿಶಿನದ್ದನ್ನು ಅವ್ವನ ಬಲಕ್ಕೆ, ಬಿಳಿಯದನ್ನು ಎಡಕ್ಕೆ ಸಿಕ್ಕಿಸಿದ. "ಮನಸ್ನಾಗೆ ಕೇಳ್ಕಳಕ್ಕ," ಎಂದ. ದ್ಯಾಮಕ್ಕ ಕಣ್ಣು ಮುಚ್ಚಿ ತುಂಬ ಹೊತ್ತು ಕೈ ಮುಗಿದಳು. ನಾಗವೇಣಿಯೂ ಕೈ ಮುಗಿದಳು, ಆದರೆ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ.

ಮಂಗಳಾರತಿಯ ತಟ್ಟೆ ಇನ್ನೂ ಕಾಟಯ್ಯನ ಕೈಯಲ್ಲಿತ್ತು. ಬಲ ಹೆಗಲಿನಿಂದ ಒಂದು ಕಣಗಿಲೆ ಕಳಚಿ, ಅವ್ವನ ಕೈ ಮೇಲೆ ತಾಗಿ, ಪೀಠದ ಕಲ್ಲಿಗೆ ಬಿತ್ತು. ಅದರ ಬೆನ್ನಿಗೇ ಇನ್ನೊಂದು.

ಯಾರೋ ಗಂಟೆ ಹೊಡೆದರು. ಅಂಗಳದಲ್ಲಿ ಕೂತಿದ್ದವರೆಲ್ಲ ನುಗ್ಗಿ ಬಂದರು. ಊರಿಡೀ ಒಂದೂ ಹೂ ಬೀಳದಿರುವಾಗ ಅವ್ವನ ಹೆಗಲಿನಿಂದ ಬಿದ್ದಿತ್ತು. ಅವ್ವ ಬಾಯಿ ಬಿಟ್ಟಳು ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಕಾಟಯ್ಯ ಆ ಹೂವನ್ನು ದ್ಯಾಮಕ್ಕನ ಸೆರಗಿಗೆ ಹಾಕುವಾಗ ಅಳುತ್ತಿದ್ದ. ನಾಗವೇಣಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಎದೆ ಹಗುರಾಯಿತು. ಇನ್ನು ದೊಡ್ಡವ್ವ ಬದುಕುತ್ತಾಳೆ ಎಂದುಕೊಂಡಳು.

ಮನೆಗೆ ಬಂದ ದ್ಯಾಮಕ್ಕನ ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಕಳೆ. ಹೂವನ್ನು ದೇವರ ಗೂಡಿನಲ್ಲಿಟ್ಟು, ಚಾಪೆಯ ಮೇಲೆ ಗೋಡೆಗೊರಗಿ ಕೂತಳು.

"ನಾಗಿ, ಆಸ್ಪತ್ರೆಗೆ ಫೋನ್ ಮಾಡಿ ಹೇಳ್ಬಿಡವ್ವ."

"ಮಾಡ್ತೀನಿ. ಯಾವತ್ತು ಬರ್ತೀವಿ ಅನ್ಲಿ?"

"ಬರಲ್ಲ ಅಂತ ಹೇಳು."

ನಾಗವೇಣಿ ಅವಳ ಮುಖ ನೋಡಿದಳು. "ಬಲಕ್ಕೆ ಬಿತ್ತಲ್ಲ ದೊಡ್ಡವ್ವ."

"ಅದ್ಕೇ ಹೇಳ್ತಿರೋದು. 'ಇರೋಷ್ಟು ದಿನ ಹಿಂಗೇ ಮನೇಲಿ ಇದ್ದುಬಿಡ್ಲಾ ತಾಯಿ, ಎದೆ ಕುಯ್ಸಿಕೊಳ್ಳೋದು ಬ್ಯಾಡ ಅಲ್ವಾ' ಅಂತ ಕೇಳ್ದೆ. ಹೂಂ ಅಂದ್ಲು." ದ್ಯಾಮಕ್ಕ ಸಮಾಧಾನದಿಂದ ಕಾಲು ಚಾಚಿದಳು. "ನಿನ್ ಔಷ್ದೀನೂ ಮೀರಿ ಅಂದ್ಲು ನೋಡು. ಇನ್ನೇನ್ ಬೇಕು?"

ನಾಗವೇಣಿ ಬಲ ಯಾವುದು ಎಡ ಯಾವುದು, ಯಾವ ದಾರ, ಎಷ್ಟು ಹನಿ, ಎಷ್ಟು ಹೊತ್ತು, ಎಲ್ಲವನ್ನೂ ಲ್ಯಾಬಿನವರ ಶ್ರದ್ಧೆಯಿಂದ ಲೆಕ್ಕ ಹಾಕಿದ್ದಳು. ಪ್ರಶ್ನೆ ಏನೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದಳು, ಅಷ್ಟೆ. ದೊಡ್ಡವ್ವನ ಸಾವಿಗೆ ತಾನೇ ಕೈಯಾರೆ ಹೂ ಕೊಡಿಸಿ ಬಂದಂತಾಗಿತ್ತು.

ಮರುದಿನ ಕೇಂದ್ರದಲ್ಲಿ ಅವಳು ಜಬೀವುಲ್ಲಾನಿಗೆ ನಡೆದದ್ದನ್ನು ನಡೆದಂತೆ ಹೇಳಿದಳು. ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದೊಂದಾಗಿ ಮೂಡುತ್ತಿದ್ದವು.

"ಇನ್ನೊಂದ್ಸಲ ಕೇಳೋ ಹಂಗೆ ಮಾಡಬಹುದಾ ಅಂತ ಯೋಚಿಸ್ತಿದೀನಿ," ಎಂದಳು ನಾಗವೇಣಿ. "ಏನಾದ್ರೂ ನೆಪ ಹೇಳಿ. ಎಡಕ್ಕೆ..."

"ಎಡಕ್ಕೆ ಹಾಕ್ತೀರಾ?" ಜಬೀವುಲ್ಲಾ ತಲೆಯಾಡಿಸಿದ. "ಆ ಸಲ ಅವರು ಏನು ಕೇಳ್ತಾರೋ ಗೊತ್ತಾ? ಮೇಡಂ, ಗಿಡದ ಮೇಲೆ ಪ್ರಯೋಗ ಸಾಲದೆ ಹೋಯ್ತಾ? ಹೋಗಿ ಹೇಳಿಬಿಡಿ. ನಿಮ್ಮ ಕೈಲಿ ಆಗೋ ಕೆಲಸ ಅದೊಂದೇ."

ಹೇಳುವುದು ಎಂದರೆ ಸುಲಭವೇ? ದೊಡ್ಡವ್ವನ ಪಾಲಿಗೆ ನಿನ್ನೆ ಬಿದ್ದದ್ದು ಹೂವಲ್ಲ, ಅವ್ವನ ಮಾತು. ಅದನ್ನು ಕಿತ್ತುಕೊಂಡು ಅವಳ ಕೈಗೆ ಏನು ಕೊಡುವುದು? ನಾಗವೇಣಿ ಸಂಜೆಯ ತನಕ ಕೇಂದ್ರದ ತೋಟದಲ್ಲಿ ಸುತ್ತಿದಳು. ಹೇಳಿದ ಸಿಟ್ಟಿಗೆ ದೊಡ್ಡವ್ವ ತನ್ನ ಮುಖ ನೋಡದೆಯೇ ತೀರಿಹೋದರೆ ಎಂದು ಭಯವಾಯಿತು. ಹೇಳದಿದ್ದರೆ ಹೇಗೂ ಹೋಗುತ್ತಾಳೆ ಎಂದು ಅದರ ಬೆನ್ನಿಗೇ ತೋಚಿತು.

ಮನೆಯಲ್ಲಿ ದ್ಯಾಮಕ್ಕ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಗವೇಣಿ ಎದುರಿಗೆ ಕೂತು, ಒಂದು ಕಾಯಿ ಕೈಗೆತ್ತಿಕೊಂಡು, ಅದನ್ನು ಸುಲಿಯದೆ ಹೇಳಿಬಿಟ್ಟಳು.

"ನಿನ್ನೆ ಹೂ ಬೀಳ್ಸಿದ್ದು ಅವ್ವ ಅಲ್ಲ ದೊಡ್ಡವ್ವ. ನಾನು. ಬಲದ ಗೊಂಚಲಿಗೆ ಔಷ್ದಿ ಹಾಕಿದ್ದೆ."

ದ್ಯಾಮಕ್ಕನ ಕೈ ನಿಂತಿತು. ನಾಗವೇಣಿ ಸೀಸೆಯ ಕತೆ, ಎರಡು ಲೋಟದ ಕತೆ, ಎಲ್ಲ ಹೇಳಿದಳು. ಮುಗಿದ ಮೇಲೆ ದ್ಯಾಮಕ್ಕ ಮೊರ ಸರಿಸಿ, ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಮಲಗಿದಳು. ಊಟಕ್ಕೆ ಕರೆದರೆ ಬರಲಿಲ್ಲ. ನಾಗವೇಣಿಯೂ ಉಣ್ಣಲಿಲ್ಲ.

ಬೆಳಿಗ್ಗೆ ನಾಗವೇಣಿ ಎದ್ದಾಗ ದ್ಯಾಮಕ್ಕ ಆಗಲೇ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಬಿಸಿಲು ಇನ್ನೂ ಎಳೆಯದು. ನಾಗವೇಣಿ ಕಾಫಿ ತಂದುಕೊಟ್ಟಳು. ದ್ಯಾಮಕ್ಕ ಲೋಟ ತೆಗೆದುಕೊಂಡಳು. ಅಷ್ಟಾದರೂ ಆಯಿತಲ್ಲ ಎಂದು ನಾಗವೇಣಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಕಾಟಯ್ಯಂಗೆ ಹೇಳ್ಬೇಕು," ಎಂದಳು ದ್ಯಾಮಕ್ಕ ಕೊನೆಗೆ. "ಪಾಪದ ಮನುಷ್ಯ, ಅತ್ತುಬಿಟ್ಟ."

"ಇವತ್ತೇ ಹೋಗಿ ಹೇಳ್ತೀನಿ."

"ಯಾಕ್ ಮಾಡ್ದೆ ನಾಗಿ?"

"ನೀನು ಆಪರೇಷನ್‌ಗೆ ಒಪ್ಪಲಿ ಅಂತ."

"ಅದನ್ನ ಹೇಳಾಕೆ ನಿಂಗೆ ಬಾಯಿ ಇರ್ಲಿಲ್ವಾ?"

"ಹೇಳಿದ್ನಲ್ಲ. ಬಸ್ಸಲ್ಲಿ ಅಷ್ಟೊತ್ತು ಹೇಳಿದ್ನಲ್ಲ."

"ಅದು ಡಾಕ್ಟ್ರು ಹೇಳಿದ್ದು. ಕವಾಟ ಅಂದೆ, ನೂರಕ್ಕೆ ಇಷ್ಟು ಅಂದೆ. ಎಲ್ಲಾ ಚೆನ್ನಾಗೇ ಹೇಳ್ದೆ. ನಿಂಗೆ ಏನ್ ಬೇಕು ಅಂತ ಒಂದು ದಿನ ಅಂದಿಲ್ಲ."

ನಾಗವೇಣಿ ಬಾಯಿ ತೆರೆದಳು. ಹೇಳಬೇಕಾದ ಮಾತು ಎಷ್ಟು ಚಿಕ್ಕದಾಗಿತ್ತೆಂದರೆ ಅದನ್ನು ಹೇಳಲು ಅವಳಿಗೆ ಅಭ್ಯಾಸವೇ ಇರಲಿಲ್ಲ. "ನೀನು ನಂಗೆ ಬೇಕು ದೊಡ್ಡವ್ವ," ಎಂದಳು. "ನೀನಿಲ್ದೆ ಈ ಮನೇಲಿ ನಂಗೆ ಇರೋಕೆ ಬರಲ್ಲ. ನನಗೋಸ್ಕರ ಮಾಡಿಸ್ಕ."

ದ್ಯಾಮಕ್ಕ ಕಾಫಿ ಮುಗಿಸಿ ಲೋಟವನ್ನು ಪಕ್ಕಕ್ಕಿಟ್ಟಳು. ಕೆಳಗೆ ಕೂತವಳ ತಲೆಯ ಮೇಲೆ ಕೈಯಿಟ್ಟಳು.

"ನಾನು ಅವ್ವನ ಹತ್ರ ಯಾಕೆ ಹೋಗಿದ್ದೆ ಗೊತ್ತೇನೇ? ಹೂ ಬಿದ್ದು ಒಪ್ಕಂಡ್ರೆ ಯಾರ್ ಮೇಲೂ ತಪ್ಪಿಲ್ಲ. ಅವ್ವ ಹೇಳಿದ್ಲು, ಆಯ್ತು. ನೀನು ಹೇಳಿ, ನಾನು ಒಪ್ಕಂಡು, ಆ ಮೇಜಿನ ಮೇಲೇ ನನ್ ಪ್ರಾಣ ಹೋದ್ರೆ? ನಾನೇ ಕರ್ಕಂಡು ಹೋಗಿ ಸಾಯ್ಸಿದೆ ಅಂತ ನೀನು ಬದುಕಿರೋವರ್ಗೂ ಹೊತ್ಕಂಡು ತಿರುಗ್ತೀಯ. ನಿನ್ನ ನಾನು ಕಾಣೆನಾ? ಅದನ್ನ ನಿನ್ ತಲೆ ಮೇಲೆ ಹಾಕಬಾರ್ದು ಅಂತ ಅವ್ವನ್ನ ಕೇಳಿದ್ದು. ಕೇಳೋವಾಗ, ಬ್ಯಾಡ ಅನ್ನೋ ಕಡೆಗೇ ಕೇಳ್ದೆ. ಹೆದರಿಕೆ ಆಗಿತ್ತು ಕಣೇ."

ಕಾಯಿಲೆ ತಿಳಿದಾಗಿನಿಂದ ತಾನು ದೊಡ್ಡವ್ವನನ್ನು ಉಳಿಸಲು ಹೆಣಗುತ್ತಿದ್ದೇನೆ ಎಂದು ನಾಗವೇಣಿ ತಿಳಿದಿದ್ದಳು. ಅಷ್ಟೂ ದಿನ ದೊಡ್ಡವ್ವ ಇವಳನ್ನು ಉಳಿಸುತ್ತಿದ್ದಳು. ಅವಳು ದೊಡ್ಡವ್ವನ ಮಂಡಿಗೆ ಮುಖವಿಟ್ಟು ಅತ್ತಳು. ದ್ಯಾಮಕ್ಕ ಅಳಬೇಡ ಎನ್ನಲಿಲ್ಲ.

"ಆ ಭಾರ ನಾನೇ ಹೊರ್ತೀನಿ," ಎಂದಳು ನಾಗವೇಣಿ ಕೊನೆಗೆ.

"ಏನಾರ ಆದ್ರೆ?"

"ಆದ್ರೂ ಹೊರ್ತೀನಿ. ನಾನೇ ಹೇಳ್ದೆ ಅಂತ ಹೇಳ್ತೀನಿ. ಅವ್ವನ ಮೇಲೆ ಹಾಕಲ್ಲ."

"ಆಮೇಲೆ ಕೂತ್ಕಂಡು ಕೊರಗಬಾರ್ದು."

"ಕೊರಗ್ತೀನಿ," ಎಂದಳು ನಾಗವೇಣಿ. ಸುಳ್ಳು ಹೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಆದ್ರೂ ಹೋಗಾಣ."

ದ್ಯಾಮಕ್ಕ ಖಾಲಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡು ತಿರುಗಿಸುತ್ತ ಕೂತಳು. ಅವಳ ಉಸಿರು ಏರಿ ಇಳಿಯುವುದು ನಾಗವೇಣಿಗೆ ಕೇಳಿಸುತ್ತಿತ್ತು. ಒಂದು ಹೂ ಬೀಳುವುದನ್ನು ಕಾದದ್ದಕ್ಕಿಂತ ಈ ಕಾಯುವಿಕೆ ಕಷ್ಟವಾಗಿತ್ತು, ಯಾಕೆಂದರೆ ಇಲ್ಲಿ ಬಲವೂ ಇರಲಿಲ್ಲ, ಎಡವೂ ಇರಲಿಲ್ಲ.

"ಫೋನ್ ತಗ," ಎಂದಳು ದ್ಯಾಮಕ್ಕ. "ಬತ್ತೀವಿ ಅಂತ ಹೇಳು."

ನಾಗವೇಣಿ ಕಣ್ಣೊರೆಸಿಕೊಂಡು ಫೋನ್ ತಂದಳು. ಬೆರಳು ಜಾರಿ ಎರಡು ಸಲ ತಪ್ಪು ನಂಬರಿಗೆ ಹೋಯಿತು. ಮೂರನೆಯ ಸಲ ದ್ಯಾಮಕ್ಕ ಅವಳ ಮಣಿಕಟ್ಟನ್ನು ತನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು, "ಈಗ ಒತ್ತು," ಎಂದಳು.